ಗುಂಡಿ ಡಬ್ಬಿಯೊಳಗಿನ ಕೆಂಪು ಪಿನ್ನು

ಗುಂಡಿ, ಹುಕ್ಕು, ಸೂಜಿದಾರ ಹಾಕಿಡುವ ನಮ್ಮ ಮನೆಯ ಹಳೆಯ ಬಿಸ್ಕೀಟು ಡಬ್ಬಿಯಲ್ಲಿ ರಕ್ತದ ಹನಿಯ ಆಕಾರದ ಕೆಂಪು ಪಿನ್ನೊಂದಿದೆ. 1993ರಲ್ಲಿ ನಮ್ಮವರು ವಾಡಿಯ ಶಿಬಿರವೊಂದರಲ್ಲಿ ರಕ್ತ ಕೊಟ್ಟು, ಅದನ್ನು ಅಂಗಿಗೆ ಚುಚ್ಚಿಕೊಂಡು ಬಂದಿದ್ದರು. ನೋಡಿದ್ದೇ ತಡ, ನಮ್ಮ ಅತ್ತೆ ಹಣೆ ಬಡಿದುಕೊಂಡರು.

"ಯಪ್ಪಾ, ಮನ್ಯಾಗ ಏನು ಕಡಿಮಿ ಆಗ್ಯಾದಂತ ರಕ್ತ ಮಾರಿ ಬಂದಿ?"

"ಮಾರಿಲ್ಲಬೇ ಯವ್ವಾ, ಕೊಟ್ಟು ಬಂದೀನಿ. ಮಾರಿದವರಿಗಿ ರೊಕ್ಕ ಕೊಡ್ತಾರ. ಇದನ್ನ ಕೊಡಂಗಿಲ್ಲ."

ಅತ್ತೆಯ ಹೆದರಿಕೆ ಸುಳ್ಳಲ್ಲ. ಆಗ ರಕ್ತ ಮಾರಿ ಹೊಟ್ಟೆ ಹೊರೆಯುವವರು ದೇಶದ ತುಂಬ ಇದ್ದರು. ಹಸಿದವನು ದುಡ್ಡಿಗಾಗಿ ತನ್ನ ಕಾಯಿಲೆ ಮುಚ್ಚಿಟ್ಟರೆ ಅದು ಯಾವಳೋ ಬಾಣಂತಿಯ ಮೈ ಸೇರುತ್ತದೆ. ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ 1970ರಲ್ಲೇ ಈ ಅಪಾಯವನ್ನು ಪುಸ್ತಕ ಬರೆದು ತೋರಿಸಿದ್ದ. ನಮ್ಮ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ, ಎರಡು ವರ್ಷದೊಳಗೆ ಈ ಮಾರಾಟ ನಿಲ್ಲಬೇಕೆಂದು ತೀರ್ಪು ಕೊಟ್ಟಿತು. 1998ರಿಂದ ಅದಕ್ಕೆ ತಡೆ ಬಿತ್ತು.

ದುಡ್ಡು ಕೊಡಬಾರದು, ಆದರೆ ಕೊಟ್ಟವರನ್ನು ಮರೆಯಲೂ ಬಾರದು. ಪಿನ್ನಿನ ಹುಟ್ಟು ಇಲ್ಲಿದೆ. ಲಂಡನ್ನಿನಲ್ಲಿ 1921ರಲ್ಲಿ ಪರ್ಸಿ ಆಲಿವರ್ ಎಂಬಾತ, ಕರೆದಾಗ ಬಂದು ರಕ್ತ ಕೊಡುವವರ ಪಟ್ಟಿ ಮಾಡಿಟ್ಟ. ಸೋವಿಯತ್ ದೇಶ 1944ರಲ್ಲಿ, ಯುದ್ಧದ ನಡುವೆ, ಗೌರವ ದಾನಿಗಳಿಗೆಂದೇ ಬಿಲ್ಲೆ ಮಾಡಿಸಿತು. ಅಮೆರಿಕದಲ್ಲಿ ಎಂಟು ಪೈಂಟು ಕೊಟ್ಟವರಿಗೆ 'ಗ್ಯಾಲನ್ ಪಿನ್ನು'. ನಮ್ಮಲ್ಲಿ 1975ರಿಂದ ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನ ದಿನ. ಅಂದು ನೂರು ಸಲ ಕೊಟ್ಟವರಿಗೆ ಶಾಲು, ಹಾರ, ಫಲಕ.

ಆ ಸಾಲಿನಲ್ಲಿ ಹೆಂಗಸರು ಏಕೆ ಕಡಿಮೆ ಎಂದು ನೀವೂ ಯೋಚಿಸಿರಬೇಕು. ಲೆಕ್ಕ ಹಾಕಿ ನೋಡಿ. ಗಂಡಸು ಮೂರು ತಿಂಗಳಿಗೊಮ್ಮೆ ಕೊಡಬಹುದು. ನಾವು ನಾಲ್ಕು ತಿಂಗಳಿಗೊಮ್ಮೆ. ಒಂದೂ ತಪ್ಪಿಸದೆ ಕೊಟ್ಟರೆ ನೂರು ಮುಟ್ಟಲು ಅವರಿಗೆ 25 ವರ್ಷ, ನಮಗೆ 33. ನಡುವೆ ಬಸಿರು, ಬಾಣಂತನ, ಎದೆಹಾಲು. ಸಾಲದ್ದಕ್ಕೆ ಹಿಮೋಗ್ಲೋಬಿನ್ 12.5 ಇರಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ.

ಎರಡನೆಯ ಹೆರಿಗೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿಕೊಂಡು ಉಳಿದವಳು ನಾನು. ಕೊಟ್ಟವರು ಯಾರೋ ತಿಳಿಯದು. ಮಗು ದೊಡ್ಡದಾದ ಮೇಲೆ ಋಣ ತೀರಿಸೋಣವೆಂದು ಹೋದರೆ, ಬೆರಳು ಚುಚ್ಚಿ ನೋಡಿದ ಹುಡುಗಿ, "ನಿಮಗೇ ರಕ್ತ ಕಮ್ಮಿ ಅದರೀ ಅಕ್ಕಾ," ಎಂದು ವಾಪಸು ಕಳಿಸಿದಳು. ಬಹಳ ನಾಚಿಕೆಯಾಯಿತು.

ಆ ವರ್ಷವೇ ಸನ್ನತಿಗೆ ಹೋಗಿದ್ದೆವು. ಚಂದ್ರಲಾಂಬೆಯ ದರ್ಶನ ಮುಗಿಸಿ ಭೀಮಾ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ನಮ್ಮವರು ಹಳೆಯ ಸಂಗತಿ ತೆಗೆದರು. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತಂತೆ. ಅದರಲ್ಲಿ ಅವನ 12ನೆಯ ಶಾಸನದ ಭಾಗವಿದೆ. ದಾನಕ್ಕಿಂತ, ಮರ್ಯಾದೆಗಿಂತ, ಎಲ್ಲ ಮತಗಳ ತಿರುಳು ಬೆಳೆಯುವುದೇ ದೊಡ್ಡದು ಎಂಬುದು ಆ ಶಾಸನದ ಭಾವ.

ಪಕ್ಕದ ಕನಗನಹಳ್ಳಿಯ ಸ್ತೂಪವನ್ನು 1994ರಿಂದ ಅಗೆದು ತೆಗೆದರು. ನಮ್ಮ ಅಡಿಗೆಮನೆಗೆ ಹಾಸಿದಂಥದೇ ಸುಣ್ಣಕಲ್ಲಿನ ಚಪ್ಪಡಿಗಳು. ಅವುಗಳ ಮೇಲೆ ದಾನ ಕೊಟ್ಟವರ ಹೆಸರುಗಳು. ಅವರಲ್ಲಿ ಭಿಕ್ಷುಣಿಯರೂ ಇತರ ಹೆಂಗಸರೂ ಇದ್ದಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಕೊಟ್ಟ ಹೆಣ್ಣಿನ ಹೆಸರನ್ನು ಕಲ್ಲು ಕಾದಿಟ್ಟಿದೆ. ಎಷ್ಟು ಸಲ ಕೊಟ್ಟಳು ಎಂದು ಯಾರೂ ಕೇಳುತ್ತಿಲ್ಲ.

ಊರಿಗೆ ಬಂದು ಡಾಕ್ಟರರನ್ನು ಕಂಡೆ. ಕಬ್ಬಿಣಾಂಶದ ಗುಳಿಗೆ ನುಂಗಿದೆ. ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವ ಚಾಳಿ ಬಿಟ್ಟು, ಪುಂಡಿ ಪಲ್ಯ, ಹೆಸರುಕಾಳು ನನ್ನ ತಟ್ಟೆಗೂ ಬಡಿಸಿಕೊಂಡೆ. ಮುಂದಿನ ಶಿಬಿರದಲ್ಲಿ 12.8 ಬಂತು. ರಕ್ತ ಕೊಟ್ಟೆ. ಪಿನ್ನು ಮುಗಿದಿದ್ದವು; ಚಹಾ, ಬಿಸ್ಕೀಟು ಸಿಕ್ಕಿತು.

ಮನೆಗೆ ಬಂದಾಗ ಅತ್ತೆ ಡಬ್ಬಿಯಿಂದ ಆ ಕೆಂಪು ಪಿನ್ನು ಹುಡುಕಿ ತೆಗೆದರು. "ಇದನ್ನ ನೀ ಹಚ್ಚಿಕೋ," ಎಂದು ನನ್ನ ಸೆರಗಿಗೆ ಚುಚ್ಚಿದರು.