ನಾಟಾ ಕಾಡಿನಲ್ಲಿ ಹುಟ್ಟಿದ ಸೈಕಲ್ ಜಾಡು

ಕಾಡಿನೊಳಗಿನ ಸೈಕಲ್ ಜಾಡೆಂದರೆ ಮನುಷ್ಯನ ಕೈ ಸೋಕದ ನಿಸರ್ಗದಲ್ಲಿ ತಾನಾಗಿ ಮೂಡಿದ ದಾರಿ ಎಂದು ಭಾವಿಸುವವರು ಬಹಳ. ಪ್ರವಾಸೋದ್ಯಮದ ಜಾಹೀರಾತುಗಳೂ ಅದನ್ನೇ ಸಾರುತ್ತವೆ. ಉತ್ತರ ವೇಲ್ಸ್‌ನ ಡೊಲ್ಗೆಥ್ಲೈ ಪಟ್ಟಣದಾಚೆ, ಮೌದಾಖ್ ನದಿಯ ಕಣಿವೆಯಲ್ಲಿ ಹಬ್ಬಿರುವ ಕೋಯ್ಡ್ ಅ ಬ್ರೆನಿನ್ ಕಾಡಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮೌಂಟನ್ ಬೈಕಿಗೆಂದೇ ಜಾಡು ಕಟ್ಟುವ ಕೆಲಸದಲ್ಲಿ ಬ್ರಿಟನ್ನಿಗೆ ದಾರಿ ತೋರಿದ ಕಾಡು ಇದು. ಅಲ್ಲಿನ ಜಾಡುಗಳ ಹಿಂದೆ ಗಣಿಗಾರರಿದ್ದಾರೆ, ಯುದ್ಧವಿದೆ, ಸರ್ಕಾರದ ನಾಟಾ ಲೆಕ್ಕಾಚಾರವಿದೆ, ಗುದ್ದಲಿ ಹಿಡಿದ ಕೈಗಳಿವೆ. ಇಂಥ ಜಾಡು ಹುಟ್ಟುವುದು ದುಡಿದು ಬದಲಾಯಿಸಿದ ನೆಲದಲ್ಲಿ, ಅದು ಉಳಿಯುವುದೂ ನಿರಂತರ ದುಡಿಮೆಯಿಂದಲೇ ಎಂಬುದು ಈ ಲೇಖನದ ವಾದ.

ಈಗ ಮರ ಕವಿದಿರುವ ಆ ಗುಡ್ಡಗಳು ಒಂದು ಕಾಲಕ್ಕೆ ಕಾರ್ಖಾನೆಯಷ್ಟೇ ಗದ್ದಲದ ಜಾಗವಾಗಿದ್ದವು. ಗ್ಲಾಸ್ದಿರ್‌ನಲ್ಲಿ ತಾಮ್ರ ತೆಗೆಯುತ್ತಿದ್ದರು. ಗ್ವಿನ್‌ವನಿದ್ ಗಣಿಯಲ್ಲಿ ಹತ್ತೊಂಬತ್ತನೇ ಶತಮಾನದಿಂದ ಇಪ್ಪತ್ತನೆಯದರ ಕೊನೆಯವರೆಗೆ ಬಿಟ್ಟು ಬಿಟ್ಟು ಚಿನ್ನ ತೆಗೆದರು. ಎಲ್ಲಕ್ಕಿಂತ ವಿಚಿತ್ರವಾದದ್ದು ಡೊಲ್‌ವ್ರುಯ್ನೊಗ್ ಬಳಿಯ ತಾಮ್ರ. ಅಲ್ಲಿ ಬಂಡೆ ಒಡೆಯುವ ಕೆಲಸವೇ ಇರಲಿಲ್ಲ. ಬೆಟ್ಟದಿಂದ ಒಸರಿದ ನೀರಿನಲ್ಲಿದ್ದ ತಾಮ್ರ ಜೌಗು ನೆಲದ ಕರಿಮಣ್ಣಿನಲ್ಲಿ ಇಂಗಿ ಸೇರಿಕೊಂಡಿತ್ತು. ಆ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕೊಯ್ದು, ಒಣಗಿಸಿ, ಗೂಡಿನಲ್ಲಿ ಸುಟ್ಟು, ಉಳಿದ ಬೂದಿಯನ್ನು ಕರಗಿಸಲು ಸ್ವಾನ್ಸಿಗೆ ಕಳಿಸುತ್ತಿದ್ದರು. ಮಣ್ಣನ್ನೇ ಸುಟ್ಟು ಲೋಹ ಪಡೆದ ಆ ನೆಲವನ್ನು ಮುಟ್ಟದ ಕಾಡೆಂದು ಕರೆಯಲಾಗದು. ಗಣಿಯಿಂದ ಗಣಿಗೆ, ಗಣಿಯಿಂದ ಹೊಳೆದಂಡೆಗೆ, ಕುರಿದೊಡ್ಡಿಯಿಂದ ಹುಲ್ಲುಗಾವಲಿಗೆ ಕಾಲುದಾರಿಗಳು ಆಗಲೇ ಹೆಣೆದುಕೊಂಡಿದ್ದವು.

ಈ ಗುಡ್ಡಗಳು ಇಂದಿನ ಕಾಡಾದದ್ದು ಮೊದಲ ಮಹಾಯುದ್ಧದ ಪೆಟ್ಟಿನಿಂದ. ಬ್ರಿಟನ್ ಕಲ್ಲಿದ್ದಲಿನ ಮೇಲೆ ನಿಂತ ದೇಶ. ಕಲ್ಲಿದ್ದಲಿನ ಸುರಂಗ ಕುಸಿಯದಂತೆ ಊರೆ ಕೊಡಲು ಮರದ ಕಂಬ ಬೇಕು, ಆ ಮರ ಬಹುಪಾಲು ಹಡಗಿನಲ್ಲಿ ಹೊರಗಿನಿಂದ ಬರುತ್ತಿತ್ತು. ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದಾಗ, ದೇಶದ ನೆಲದಲ್ಲಿ ಶೇಕಡಾ 5ರ ಆಸುಪಾಸು ಮಾತ್ರ ಮರವಿದ್ದುದು ಅಪಾಯವಾಗಿ ಕಂಡಿತು. 1919ರಲ್ಲಿ ಅರಣ್ಯ ಆಯೋಗ ಹುಟ್ಟಿತು. ನನ್ನೈ ಎಸ್ಟೇಟಿನ ವಾನ್ ಮನೆತನದ ಜಮೀನಿನಲ್ಲಿ 1922ರಿಂದ ಆಯೋಗ ಸಸಿ ನೆಡಲು ಶುರು ಮಾಡಿತು. 1935ರಲ್ಲಿ ಐದನೇ ಜಾರ್ಜ್ ದೊರೆಯ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು ಆ ನೆಡುತೋಪಿಗೆ ಕೋಯ್ಡ್ ಅ ಬ್ರೆನಿನ್, ಅಂದರೆ ರಾಜನ ಕಾಡು, ಎಂದು ಹೊಸ ಹೆಸರಿಟ್ಟರು. ನೆಟ್ಟ ಮರಗಳಲ್ಲಿ ಮುಖ್ಯವಾದ ಸಿಟ್ಕಾ ಸ್ಪ್ರೂಸ್, ಡಗ್ಲಸ್ ಫರ್ ಎರಡೂ ಅಮೆರಿಕದ ಪಶ್ಚಿಮ ಕರಾವಳಿಯವು. ಸಾಲು ಹಿಡಿದು ಮರ ನೆಟ್ಟು, ಎಣಿಸಿ, ಅವಧಿಗೆ ಸರಿಯಾಗಿ ಕಡಿಯುವ ವಿದ್ಯೆಗೆ ನಮ್ಮ ದೇಶದ ನಂಟೂ ಇದೆ. ಭಾರತದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ವಿಲಿಯಂ ಶ್ಲಿಖ್ 1885ರಲ್ಲಿ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಅರಣ್ಯಶಿಕ್ಷಣ ಆರಂಭಿಸಿದ್ದು ಭಾರತಕ್ಕೆ ಅಧಿಕಾರಿಗಳನ್ನು ತಯಾರು ಮಾಡಲು. 1905ರಲ್ಲಿ ಅದು ಆಕ್ಸ್‌ಫರ್ಡ್ ಸೇರಿತು. ಬ್ರಿಟನ್ ತನ್ನ ನೆಲದಲ್ಲಿ ಕಾಡು ಬೆಳೆಸಲು ಹೊರಟಾಗ ಆ ಪರಂಪರೆ ಸಿದ್ಧವಾಗಿತ್ತು.

ಈ ನೆಡುತೋಪುಗಳನ್ನು ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಹಳೆಯ ಮನೆಗಳು, ಹೊಲಗಳು, ನಾಡಿನ ಭಾಷೆಯಾಡುವ ಜನ ಇದ್ದಲ್ಲಿ ಪರದೇಶದ ಮರ ಬಂದು ಕುಳಿತವೆಂಬ ನೋವನ್ನು ವೇಲ್ಸ್‌ನ ಕವಿ ಗ್ವೆನಾಲ್ಟ್ ತನ್ನ ಪೂರ್ವಿಕರ ಊರು ರಿದ್‌ಕಮೆರೈ ಕುರಿತ ಕವಿತೆಯಲ್ಲಿ ದಾಖಲಿಸಿದ್ದಾನೆ. ಆ ನೋವು ನ್ಯಾಯವಾದದ್ದು. ಆದರೂ ಅದೇ ಬದಲಾವಣೆಯ ಎರಡು ಫಲಗಳು ಮುಂದೆ ಜಾಡಿಗೆ ನೆಲೆಯಾದವು. ನಾಟಾ ಲಾರಿ ಹೋಗಲು ಗುಡ್ಡದ ಓರೆಯಲ್ಲಿ ಕಲ್ಲು ಹಾಸಿದ ಕಾಡುರಸ್ತೆಗಳಾದದ್ದು ಒಂದು. ಸಾವಿರಾರು ಎಕರೆ ನೆಲ ಒಂದೇ ಸಾರ್ವಜನಿಕ ಸಂಸ್ಥೆಯ ಕೈಗೆ ಬಂದದ್ದು ಇನ್ನೊಂದು.

ಎರಡನೆಯದು ಎಷ್ಟು ಮುಖ್ಯವೆಂಬುದು ಕಾನೂನನ್ನು ನೋಡಿದರೆ ತಿಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಲುದಾರಿ ನಡೆಯುವವರದು. 1968ರ ಗ್ರಾಮಾಂತರ ಕಾಯ್ದೆ ಕುದುರೆದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂದು ಹೇಳಿತು. ಸೈಕಲ್ಲಿನವರಿಗಾಗಿ ದಾರಿಯನ್ನು ಸರಿಪಡಿಸುವ ಹೊಣೆ ಸ್ಥಳೀಯ ಆಡಳಿತಕ್ಕಿಲ್ಲ ಎಂದೂ ಸೇರಿಸಿತು. 2000ದ ಕಾಯ್ದೆ ಬೆಟ್ಟ ಬಯಲುಗಳನ್ನು ಜನರಿಗೆ ತೆರೆದರೂ ಆ ಹಕ್ಕು ಕಾಲ್ನಡಿಗೆಗಷ್ಟೇ. ಹೀಗಾಗಿ 1980ರ ದಶಕದಲ್ಲಿ ದಪ್ಪ ಟೈರಿನ ಸೈಕಲ್ ಬ್ರಿಟನ್ನಿಗೆ ಬಂದಾಗ ಅದಕ್ಕೆ ಸವಾರರಿದ್ದರು, ನಿಶ್ಚಿಂತೆಯ ನೆಲವಿರಲಿಲ್ಲ. ಹತ್ತಾರು ಜಮೀನುದಾರರನ್ನು ಒಪ್ಪಿಸಿ ಒಂದು ಜಾಡು ಕೂಡಿಸುವುದು ಆಗದ ಮಾತು. ನಾಟಾಕ್ಕೆಂದು ಒಟ್ಟುಗೂಡಿದ ಸರ್ಕಾರಿ ಕಾಡಿನಲ್ಲಿ ಮಾತ್ರ ಒಬ್ಬರೇ ಒಪ್ಪಿಗೆ ಕೊಡಬಹುದಿತ್ತು.

ಒಪ್ಪಿಗೆಯೊಂದೇ ಸಾಲದು. 1990ರ ದಶಕದಲ್ಲಿ ಕೋಯ್ಡ್ ಅ ಬ್ರೆನಿನ್‌ನ ವನಪಾಲಕ ದಾವಿದ್ ಡೇವಿಸ್ ಸ್ವಯಂಸೇವಕರ ಜೊತೆಗೂಡಿ ಸೈಕಲ್ಲಿಗೆಂದೇ ಜಾಡು ಕಟ್ಟತೊಡಗಿದರು. ಮಳೆ ಬಿಡದ ಊರು ಅದು. ಮಣ್ಣಿನ ಇಳಿಜಾರಿನಲ್ಲಿ ನೂರು ಸೈಕಲ್ ಇಳಿದರೆ ಕೊರಕಲು, ಕೊರಕಲಿಗೆ ನೀರು ನುಗ್ಗಿದರೆ ಹಳ್ಳ. ಆದ್ದರಿಂದ ಜಾಡನ್ನು ಗುಡ್ಡದ ನೆತ್ತಿಯಿಂದ ನೇರವಾಗಿ ಇಳಿಸದೆ ಓರೆಯಾಗಿ ಸಾಗಿಸಬೇಕು. ನೀರು ಉದ್ದಕ್ಕೂ ಹರಿಯದಂತೆ ಅಲ್ಲಲ್ಲಿ ಏರು ಕೊಟ್ಟು ಪಕ್ಕಕ್ಕೆ ಬಿಡಬೇಕು. ಜೌಗಿದ್ದ ಕಡೆ ಚಪ್ಪಟೆ ಕಲ್ಲನ್ನು ಮಲಗಿಸದೆ, ಅದರ ಉದ್ದ ಭಾಗ ನೆಲದೊಳಗೆ ಹೋಗುವಂತೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ ಸೇರಿಸಿ, ಸಂದಿಗೆ ಚಕ್ಕೆ ಬಡಿಯಬೇಕು. ಮಲಗಿಸಿದ ಕಲ್ಲು ಚಕ್ರದ ಹೊಡೆತಕ್ಕೆ ಅಲುಗಾಡಿ ಎದ್ದುಬರುತ್ತದೆ, ನಿಲ್ಲಿಸಿದ್ದು ಕದಲುವುದಿಲ್ಲ. ಗದ್ದೆಯ ಬದುವಿಗೆ ಕಲ್ಲು ಕಟ್ಟಿದವರಿಗೆ ಈ ಕೆಲಸದ ಮರ್ಮ ವಿವರಿಸಬೇಕಿಲ್ಲ. ವರ್ಷವಿಡೀ, ಮಳೆಗಾಲ ಬೇಸಿಗೆ ಎನ್ನದೆ, ಸೈಕಲ್ ತಡೆದುಕೊಳ್ಳುವ ಈ ಬಗೆಯ ಜಾಡು ಹೆಸರಾದ ಮೇಲೆ ದಕ್ಷಿಣ ಸ್ಕಾಟ್ಲೆಂಡಿನ ಏಳು ಕಾಡುತಾಣಗಳೂ ಅದೇ ಹಾದಿ ಹಿಡಿದವು. 2001ರ ಕಾಲುಬಾಯಿ ಜ್ವರದಿಂದ ಕಂಗೆಟ್ಟಿದ್ದ ಅಲ್ಲಿನ ಹಳ್ಳಿಗಳಿಗೆ ಅದು ಒಂದು ಆಸರೆಯಾಗಿ ಒದಗಿತು.

ಈ ವಾದಕ್ಕೆ ಮೊದಲ ಆಕ್ಷೇಪ, ಮೌಂಟನ್ ಬೈಕ್ ಹುಟ್ಟಿದ್ದೇ ಕ್ಯಾಲಿಫೋರ್ನಿಯದಲ್ಲಿ ಅಲ್ಲವೇ ಎಂಬುದು. ಹೌದು, 1976ರಲ್ಲಿ ಫೇರ್‌ಫ್ಯಾಕ್ಸ್ ಬಳಿಯ ಬೆಟ್ಟದಿಂದ ಹಳೆಯ ಸೈಕಲ್ ಏರಿ ಇಳಿದವರ ಸ್ಪರ್ಧೆಯಿಂದಲೇ ಆ ಆಟ ಹೆಸರು ಪಡೆಯಿತು. ಆದರೆ ಅವರು ಇಳಿದದ್ದು ಕಾಡ್ಗಿಚ್ಚು ಆರಿಸುವ ವಾಹನಗಳಿಗೆಂದು ತೆಗೆದ ರಸ್ತೆಯಲ್ಲಿ. ಪಕ್ಕದ ಟಮಾಲ್ಪೈಸ್ ಬೆಟ್ಟದಲ್ಲೂ ಸವಾರರಿಗೆ ಸಿಕ್ಕಿದ್ದು 1930ರಲ್ಲಿ ನಿಂತುಹೋದ ರೈಲಿನ ಹಳಿದಾರಿ. ಅಲ್ಲಿಯೂ ದುಡಿಮೆಯ ದಾರಿಯೇ ಆಟದ ದಾರಿಯಾಯಿತು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಸೈಕಲ್ ಕಾಡನ್ನು ಕೆಡಿಸುತ್ತದೆ. ಕಟ್ಟದೆ ಬಿಟ್ಟ ಜಾಡಿನ ಮಟ್ಟಿಗೆ ಇದು ನಿಜ. ಸವಾರರು ತಮಗೆ ತೋಚಿದಲ್ಲಿ ನುಗ್ಗಿದರೆ ಬೇರು ಬಯಲಾಗುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ. ಜಾಡನ್ನು ಕಲ್ಲಿನಲ್ಲಿ ಕಟ್ಟುವುದರ ಅರ್ಥವೇ ಆ ಹಾನಿಯನ್ನು ಒಂದು ಗೆರೆಗೆ ಮಿತಿಗೊಳಿಸುವುದು.

ಮೂರನೆಯ ಆಕ್ಷೇಪವನ್ನು ಅರ್ಧ ಒಪ್ಪಲೇಬೇಕು. ಪ್ರವಾಸಿಗರನ್ನು ನಂಬಿದ ಜೀವನ ಗಣಿಯಷ್ಟೇ ಅನಿಶ್ಚಿತ ಎನ್ನುತ್ತಾರೆ. 2013ರಲ್ಲಿ ವೇಲ್ಸ್‌ನ ಅರಣ್ಯ, ಪರಿಸರ ಸಂಸ್ಥೆಗಳನ್ನು ಒಗ್ಗೂಡಿಸಿ ರಚಿಸಿದ ಸಂಸ್ಥೆ ಖರ್ಚು ಇಳಿಸಲು 2025ರ ಮಾರ್ಚ್ ಕೊನೆಗೆ ಕೋಯ್ಡ್ ಅ ಬ್ರೆನಿನ್‌ನ ಸಂದರ್ಶಕರ ಕೇಂದ್ರವನ್ನು ಮುಚ್ಚಿತು. ಜಾಡುಗಳನ್ನು ತೆರೆದಿಟ್ಟಿತು. ಜಾಡು ಇದ್ದರೆ ಸಾಕಲ್ಲ ಎಂಬ ಎಣಿಕೆ ಇದರ ಹಿಂದಿದೆ, ಮತ್ತು ಚರಿತ್ರೆ ಅದನ್ನು ಬೆಂಬಲಿಸುವುದಿಲ್ಲ. ಇಲ್ಲಿ ಯಾವ ದಾರಿಯೂ ತನ್ನಷ್ಟಕ್ಕೆ ಉಳಿದದ್ದಿಲ್ಲ. 2010ರಿಂದ ವೇಲ್ಸ್‌ನ ಲಾರ್ಚ್ ಮರಗಳಿಗೆ ಶಿಲೀಂಧ್ರದಂಥ ರೋಗ ತಗುಲಿ ತೋಪು ತೋಪನ್ನೇ ಕಡಿಯಬೇಕಾಗಿ ಬಂದಿದೆ. ಮರ ಕಡಿಯುವ ಕಡೆ ಜಾಡು ಮುಚ್ಚಬೇಕು, ಕಡಿದ ಮೇಲೆ ಮತ್ತೆ ಕಟ್ಟಬೇಕು. ದುರಸ್ತಿಯ ಕೈಗಳಿಗೂ, ಬಂದವರು ನಾಲ್ಕು ಕಾಸು ಖರ್ಚು ಮಾಡುವ ಜಾಗಕ್ಕೂ ಬಿಡಿಸಲಾಗದ ಸಂಬಂಧವಿದೆ.

ನಮ್ಮ ಮಲೆನಾಡಿನಲ್ಲೂ ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆಸಿದ ಅಕೇಶಿಯ, ನೀಲಗಿರಿ ನೆಡುತೋಪುಗಳು ಕಾರ್ಖಾನೆ ನಿಂತ ಮೇಲೂ ಉಳಿದಿವೆ, ಅವನ್ನು ಏನು ಮಾಡಬೇಕೆಂಬ ವಾದವೂ ನಡೆದಿದೆ. ವೇಲ್ಸ್‌ನ ಉತ್ತರವನ್ನು ಹಾಗೆಯೇ ಎತ್ತಿ ಇಲ್ಲಿಗೆ ತರಲಾಗದು. ಅಲ್ಲಿನ ಕಾಡಿನಲ್ಲಿ ಆನೆಯಿಲ್ಲ, ಕಾಟಿಯಿಲ್ಲ. ನಮ್ಮ ಸಹಜ ಕಾಡಿಗೆ ಸೈಕಲ್ ಜಾಡು ತೆಗೆಯಿರೆಂದು ಈ ಚರಿತ್ರೆ ಹೇಳುವುದೂ ಇಲ್ಲ, ಏಕೆಂದರೆ ಕೋಯ್ಡ್ ಅ ಬ್ರೆನಿನ್‌ನ ಜಾಡು ಬಂದದ್ದು ಗಣಿಯೂ ನಾಟಾವೂ ಆಗಲೇ ಬದಲಿಸಿದ್ದ ನೆಲಕ್ಕೆ. ಅದರಿಂದ ಕಲಿಯಬೇಕಾದದ್ದು ಕ್ರಮ: ಮೊದಲು ನೆಲ ಯಾರದೆಂದು, ಅದರ ಮೇಲೆ ಯಾರ ಬದುಕು ನಿಂತಿತ್ತೆಂದು ಕೇಳಬೇಕು. ಆಮೇಲೆ, ಕಟ್ಟಿದ್ದನ್ನು ಪ್ರತಿ ಮಳೆಗಾಲದ ನಂತರ ಯಾರು ಸರಿಪಡಿಸುತ್ತಾರೆ, ಅವರಿಗೆ ಕೂಲಿ ಯಾರು ಕೊಡುತ್ತಾರೆಂದು ತೀರ್ಮಾನಿಸಬೇಕು. ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ತೆಗೆದ ಜಾಡು ನಾಲ್ಕೈದು ಮಳೆಗಾಲಗಳಲ್ಲಿ ಕೊರಕಲಾಗುತ್ತದೆ, ಆ ಹೊರೆಯನ್ನು ಹೊರಬೇಕಾದವರು ಅಲ್ಲಿಯೇ ಬದುಕುವ ಜನ.