ಅಣಬೆ ರೋಗ (ಅಡಿಕೆ)

ಗ್ಯಾನೋಡರ್ಮ ಎಂಬ ಶಿಲೀಂಧ್ರದಿಂದ ಅಡಿಕೆ ಮರಕ್ಕೆ ತಗಲುವ ಬುಡಕೊಳೆ. ಚನ್ನಗಿರಿ ತಾಲ್ಲೂಕಿನ ನಲ್ಲೂರು ಸೀಮೆಯಂಥ ಮೈದಾನ ಪ್ರದೇಶದ ತೋಟಗಳಲ್ಲಿ, ಅದರಲ್ಲೂ ನೀರು ಬಸಿಯದ ಕಡೆ, ಇದರ ಕಾಟ ಹೆಚ್ಚು. ಬೇರಿನ ಮೂಲಕ ಒಳಹೊಕ್ಕ ಶಿಲೀಂಧ್ರ ಕಿಣ್ವಗಳನ್ನು ಸ್ರವಿಸಿ ಕಾಂಡದ ಲಿಗ್ನಿನ್, ಸೆಲ್ಯುಲೋಸ್‌ಗಳನ್ನು ಕರಗಿಸುತ್ತದೆ. ನೀರು ಮೇಲೇರುವ ದಾರಿ ಕೆಡುತ್ತದೆ. ಹೊರಸುತ್ತಿನ ಸೋಗೆ ಹಳದಿಯಾಗಿ ಜೋತುಬೀಳುತ್ತದೆ, ಬುಡದ ಕಂದು ಮಚ್ಚೆಗಳಿಂದ ರಸ ಒಸರುತ್ತದೆ. ಅಣಬೆ ಕಾಣಿಸಿಕೊಳ್ಳುವುದು ಎಲ್ಲಕ್ಕೂ ಕೊನೆಗೆ. ಅಷ್ಟರಲ್ಲಿ ಮರ ಕೈತಪ್ಪಿರುತ್ತದೆ. ರೋಗ ಬೇರಿನಿಂದ ಬೇರಿಗೆ ಹರಡುವುದರಿಂದ ಸತ್ತ ಮರವನ್ನು ಬುಡಸಮೇತ ಕಿತ್ತು ಸುಡುವುದು, ಸುತ್ತ ಕಂದಕ ತೋಡುವುದು, ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಹಾಕುವುದು ರೂಢಿ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರ ಮಾತ್ರ, ಹಿಂದೆ ಶಿಲೀಂಧ್ರವೆಂದೇ ಎಣಿಸಿದ್ದರೂ, ನಿಜವಾದ ಶಿಲೀಂಧ್ರವಲ್ಲ.