ಶಿಕಾರಿಯ ಬೆಟ್ಟ, ಚೆಂಡಿನ ದಂಡು: ಅಹ್ಮದ್ ಖಾನ್ ಬದುಕಿನ ಬೆಳಕಿನಲ್ಲಿ ಸಕಲೇಶಪುರ–ಆಲೂರು

ಪೀಠಿಕೆ

ಮಂಜರಾಬಾದಿನ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ 1894ರಲ್ಲಿ ಹೊರತಂದ ಗ್ರಂಥದ ಹೆಸರು ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’. ಮಂಜರಾಬಾದ್ ಎಂದರೆ ಇಂದಿನ ಸಕಲೇಶಪುರ ಸೀಮೆ. ಹೆಸರಿನಲ್ಲಿರುವ ‘ಸ್ಪೋರ್ಟ್’ ಮೈದಾನದ ಆಟವಲ್ಲ, ಕಾಡಿನ ಶಿಕಾರಿ. ಅದಕ್ಕೆ ಒಂದು ವರ್ಷ ಮೊದಲು, 1893ರಲ್ಲಿ, ಕಲ್ಕತ್ತದಲ್ಲಿ ಐಎಫ್‌ಎ ಶೀಲ್ಡ್ ಫುಟ್‌ಬಾಲ್ ಪಂದ್ಯಾವಳಿ ಆರಂಭವಾಗಿತ್ತು. ಬ್ರಿಟಿಷರು ಬೆಂಗಳೂರಿನ ದಂಡಿಗೂ ಬಂದರು, ಈ ಬೆಟ್ಟಗಳಿಗೂ ಬಂದರು. ದಂಡಿನಲ್ಲಿ ಚೆಂಡು ಉಳಿಯಿತು, ಬೆಟ್ಟದಲ್ಲಿ ಕೋವಿ ಉಳಿಯಿತು. ಏಕೆ? ಫುಟ್‌ಬಾಲ್ ಆಟಗಾರ ಹುಟ್ಟುವುದು ಕಾಲಿನ ಕಸುವಿನಿಂದಷ್ಟೇ ಅಲ್ಲ. ಮಟ್ಟಸವಾದ ನೆಲ, ತಿಂಗಳುಗಟ್ಟಲೆ ನಡೆಯುವ ಲೀಗ್, ಆಡುವುದಕ್ಕೆ ಬಿಡುವು ಈ ಮೂರೂ ಒಂದೆಡೆ ಕೂಡಿದಾಗ ಮಾತ್ರ ಎಂಬುದು ಈ ಲೇಖನದ ವಾದ. ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ಅವರ ಜೀವನವನ್ನು ಆಧಾರವಾಗಿಟ್ಟುಕೊಂಡು ಈ ವಾದವನ್ನು ಪರಿಶೀಲಿಸಲಾಗಿದೆ.

ದಂಡಿನಿಂದ ಕಲ್ಕತ್ತಕ್ಕೆ

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಅವರ ಸೋದರರೂ ಫುಟ್‌ಬಾಲ್ ಆಟಗಾರರು. 1809ರಲ್ಲಿ ನೆಲೆಯೂರಿದ ದಂಡು ಸೈನಿಕರ ಕವಾಯತಿಗೆಂದು ವಿಶಾಲ ಬಯಲುಗಳನ್ನು ಉಳಿಸಿಕೊಂಡಿತ್ತು. ಸುತ್ತಲಿನ ಮೊಹಲ್ಲಾಗಳ ಹುಡುಗರು ಸಿಪಾಯಿಗಳ ಆಟ ನೋಡಿ ಕಲಿತರು, ಕ್ಲಬ್ಬು ಕಟ್ಟಿದರು. ಮೈಸೂರು ತಂಡ 1946–47ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದದ್ದು ಈ ನೆಲದ ಫಲ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2–1ರಿಂದ ಸೋತಿತು. ಭಾರತದ ಆ ಒಂದು ಗೋಲು ಬೆಂಗಳೂರಿನವರೇ ಆದ ಎಸ್. ರಾಮನ್ ಅವರದು. ಖಾನ್ ಕೂಡ ಆ ತಂಡದಲ್ಲಿದ್ದರು. ಮರುವರ್ಷ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಖಾನ್, ಸಾಲೆ: ಐವರೂ ದಕ್ಷಿಣದವರು. ಈ ಮುಂಪಡೆಯನ್ನು ಕಲ್ಕತ್ತದ ಜನ ‘ಪಂಚಪಾಂಡವರು’ ಎಂದು ಕರೆದರು. ಕ್ಲಬ್ 1949, 1950, 1951ರಲ್ಲಿ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. ಚೆಂಡನ್ನು ಹಾವಿನಂತೆ ಆಡಿಸುವ ಖಾನ್ ‘ಹಾವಾಡಿಗ’ ಎನಿಸಿಕೊಂಡರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಕಹಿಯಾಯಿತು. ಯುಗೊಸ್ಲಾವಿಯಾ 10–1ರಿಂದ ಗೆದ್ದಿತು. ಭಾರತದ ಏಕೈಕ ಗೋಲನ್ನು ಪಂದ್ಯ ಮುಗಿಯುವ ಹೊತ್ತಿಗೆ ಹೊಡೆದವರು ಖಾನ್. ಭಾರತೀಯರಲ್ಲಿ ಅನೇಕರು ಬರಿಗಾಲಲ್ಲಿ ಆಡಿದ್ದರು. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ಫಲಿತಾಂಶ ನಿಶ್ಚಯವಾದ ಮೇಲೂ ಗೋಲಿನತ್ತ ಓಡುವ ಮನಸ್ಸು ಒಂದು ದಿನದಲ್ಲಿ ಬರುವಂಥದ್ದಲ್ಲ. ವಾರಕ್ಕೊಂದು ಪಂದ್ಯ ಸೋತು, ಮುಂದಿನ ವಾರ ಮತ್ತೆ ಕಣಕ್ಕಿಳಿಯುವ ಲೀಗಿನ ಅಭ್ಯಾಸ ಅದು. ಖಾನ್ 2017ರಲ್ಲಿ ತೀರಿಕೊಂಡರು.

ಬೆಟ್ಟದ ಲೆಕ್ಕ

ಸಕಲೇಶಪುರ–ಆಲೂರು ಸೀಮೆಗೆ ಮೇಲಿನ ಮೂರು ಮಾನದಂಡಗಳನ್ನು ಅನ್ವಯಿಸಿ ನೋಡಬಹುದು. ಮೊದಲನೆಯದು ನೆಲ. ಇಳಿಜಾರೆಲ್ಲ ಕಾಫಿ, ಮೆಣಸು, ಏಲಕ್ಕಿ. ಸಮತಟ್ಟಾದ ಜಾಗ ಸಿಗುವುದು ಕಣಿವೆಯ ಗದ್ದೆಗಳಲ್ಲಿ. ಅಂತರರಾಷ್ಟ್ರೀಯ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ವಿಸ್ತೀರ್ಣದ ಲೆಕ್ಕದಲ್ಲಿ ಒಂದು ಫುಟ್‌ಬಾಲ್ ಅಂಕಣ ಸುಮಾರು 44 ವಾಲಿಬಾಲ್ ಅಂಕಣಗಳಿಗೆ ಸಮ. ಮಲೆನಾಡಿನ ಊರುಗಳು ವಾಲಿಬಾಲನ್ನೂ ಕಬಡ್ಡಿಯನ್ನೂ ಅಪ್ಪಿಕೊಂಡದ್ದರಲ್ಲಿ ಭೂಗೋಳದ ಪಾತ್ರ ದೊಡ್ಡದು.

ಎರಡನೆಯದು ಲೀಗ್. ತೋಟದ ಲೈನ್‌ಮನೆಗಳು ಒಂದಕ್ಕೊಂದು ದೂರ. ಒಂದೇ ವಯಸ್ಸಿನ ಹನ್ನೊಂದು ಹುಡುಗರು ಸಂಜೆ ಒಂದೆಡೆ ಸೇರುವುದೇ ಕಷ್ಟ. ಎದುರಾಳಿ ತಂಡ ಇನ್ನೂ ದೂರ. ಬೆಂಗಳೂರಿನಲ್ಲಿ ಎರಡು ಮೊಹಲ್ಲಾಗಳ ನಡುವೆ ಒಂದು ಬೀದಿ ಇದ್ದರೆ, ಇಲ್ಲಿ ಒಂದು ಗುಡ್ಡವಿರುತ್ತದೆ.

ಮೂರನೆಯದು ಬಿಡುವು. ಕಲ್ಕತ್ತದ ಲೀಗ್ ಮಳೆಗಾಲದ ಆಟ. ಅದೇ ಜೂನ್–ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಮಳೆ ಮನೆಯಿಂದ ಹೊರಗೆ ಕಾಲಿಡಲು ಬಿಡದು. ಗದ್ದೆಗಳಲ್ಲಿ ನಾಟಿ ನಡೆದಿರುತ್ತದೆ. ನೆಲ ಒಣಗಿ ಗದ್ದೆ ಕೊಯ್ಲು ಮುಗಿಯುವ ವೇಳೆಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ವರ್ಷದ ಬಹುಪಾಲು ನೆಲ ಬಿಡುವಾದಾಗ ಕೈಗಳಿಗೆ ಬಿಡುವಿಲ್ಲ, ಕೈಗಳು ಬಿಡುವಾದಾಗ ನೆಲದ ತುಂಬ ನೀರು.

ಉಪಸಂಹಾರ

ಆದ್ದರಿಂದ ಈ ಬೆಟ್ಟಗಳಲ್ಲಿ ಪ್ರತಿಭೆಯಿಲ್ಲವೆಂದು ತೀರ್ಮಾನಿಸುವುದು ತಪ್ಪು. ಕೊರತೆಯಿರುವುದು ನೆಲ, ಲೀಗ್, ಬಿಡುವು ಮೂರೂ ಕೂಡುವ ದಾರಿಯಲ್ಲಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 1968–69ರ ನಂತರ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಎತ್ತಿತು. ಅಷ್ಟು ದೀರ್ಘವಾಗಿ ಕಾದ ರಾಜ್ಯ ತನ್ನ ಆಟದ ಬೇರನ್ನು ಒಂದು ನಗರದಾಚೆಗೂ ಇಳಿಸಬೇಕು.

ಬೆಟ್ಟದ ಪಂಚಾಂಗವೇ ಅದಕ್ಕೊಂದು ದಾರಿ ತೋರಿಸುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಕೊಯ್ಲು ಮುಗಿದಿರುತ್ತದೆ, ಗದ್ದೆ ಬಯಲಾಗಿರುತ್ತದೆ, ಶಾಲೆಗೆ ರಜೆ ಇರುತ್ತದೆ. ಐವರ ತಂಡದ ಫುಟ್‌ಸಾಲ್‌ಗೆ 40 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ ಸಾಕು. ಎರಡು ಮೂರು ಲೈನ್‌ಮನೆಗಳಿಂದ ಐದು ಮಕ್ಕಳು ಸೇರುತ್ತಾರೆ. ಆಲೂರಿನಿಂದ ಸಕಲೇಶಪುರದವರೆಗೆ ಹೋಬಳಿಗೊಂದು ತಂಡ ಕಟ್ಟಿ, ಆ ಎರಡು ತಿಂಗಳು ವಾರಕ್ಕೊಂದು ಪಂದ್ಯ ಆಡಿಸಿದರೆ ನೆಲ, ಲೀಗ್, ಬಿಡುವು ಮೂರೂ ಮೊದಲ ಬಾರಿಗೆ ಇಲ್ಲಿ ಒಂದೆಡೆ ಕೂಡುತ್ತವೆ. ಹೂಮಳೆಗೆ ಮೆತ್ತಗಾದ ಗದ್ದೆಯಲ್ಲಿ ಬರಿಗಾಲಲ್ಲೇ ಆಟ ಶುರುವಾಗಲಿ. ಅಹ್ಮದ್ ಖಾನ್ ಪೀಳಿಗೆಯೂ ಬರಿಗಾಲಲ್ಲೇ ಒಲಿಂಪಿಕ್ಸ್‌ವರೆಗೆ ಹೋಗಿತ್ತು.